ಬಳ್ಳಿಯ ಬುಡ ಎಲ್ಲಿದೆ ಅಂತ ಕೇಳಿ

ಗಂಗಾವತಿಯಲ್ಲಿ ನಾನು ಸ್ಕ್ಯಾನಿಂಗ್ ಮಾಡುವ ಕೋಣೆಯ ಹೊರಗೆ ಒಂದು ಉದ್ದನೆಯ ಬೆಂಚಿದೆ. ಅಲ್ಲಿ ಆಡುವ ಮಾತು ಒಳಗೆ ಕೇಳುತ್ತದೆ. ಒಂದು ದಿನ ಒಬ್ಬ ಅತ್ತೆ ಪಕ್ಕದವರಿಗೆ ಹೇಳುತ್ತಿದ್ದರು: "ಕೂಸಿನ ಕೊಳ್ಳಿಗೆ ಕರುಳು ಸುತ್ಯೈತಂತ. ದನದ ಕಣ್ಣಿ ದಾಟಬ್ಯಾಡ ಅಂತ ಬಡ್ಕೊಂಡೆ, ಕೇಳಲಿಲ್ಲ." ಕರುಳು ಅಂದರೆ ಇಲ್ಲಿ ಹೊಕ್ಕುಳಬಳ್ಳಿ. ದನ ಕಟ್ಟುವ ಹಗ್ಗವನ್ನು ಬಸುರಿ ದಾಟಿದರೆ ಅದು ಮಗುವಿನ ಕೊರಳಿಗೆ ಸುತ್ತುತ್ತದೆ ಅನ್ನುವುದು ಅವರ ನಂಬಿಕೆ. ಒಳಗೆ ಮಂಚದ ಮೇಲೆ ಮಲಗಿದ್ದ ಸೊಸೆಗೂ ಅದು ಕೇಳಿಸಿತು. ಅವಳು ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು.

ಈ ಭಯವನ್ನು ನಾನು ಪ್ರತಿ ವಾರ ನೋಡುತ್ತೇನೆ. ರಿಪೋರ್ಟಿನಲ್ಲಿ 'ಲೂಪ್ ಆಫ್ ಕಾರ್ಡ್ ಅರೌಂಡ್ ನೆಕ್' ಅಂತ ಒಂದು ಸಾಲು ಬಂದರೆ ಸಾಕು, ಮನೆಯವರೆಲ್ಲ ಗಾಬರಿಯಾಗಿ ಓಡಿ ಬರುತ್ತಾರೆ. ಆದರೆ ಅದೇ ರಿಪೋರ್ಟಿನಲ್ಲಿ ಹೊಕ್ಕುಳಬಳ್ಳಿ ಮಾಸಿಗೆ (ಪ್ಲಾಸೆಂಟಾಕ್ಕೆ) ಎಲ್ಲಿ ಅಂಟಿದೆ ಅಂತ ಬರೆದಿದೆಯಾ ಎಂದು ಈವರೆಗೆ ಒಬ್ಬರೂ ನನ್ನನ್ನು ಕೇಳಿಲ್ಲ. ಮಗುವಿನ ಜೀವ ಉಳಿಸುವ ಸುಳಿವು ಜಾಸ್ತಿ ಸಲ ಸಿಗುವುದು ಅಲ್ಲೇ. ಅದಕ್ಕೇ ಇದನ್ನು ಬರೆಯಲು ಕೂತೆ.

ಮೊದಲು ಬಳ್ಳಿಯನ್ನು ಸ್ವಲ್ಪ ನೋಡೋಣ. ಹೆರಿಗೆಯ ನಂತರ ಅದನ್ನು ಕತ್ತರಿಸಿದ ಜಾಗದಲ್ಲಿ ಮೂರು ತೂತು ಕಾಣುತ್ತವೆ. ಎರಡು ಸಣ್ಣವು, ಗೋಡೆ ದಪ್ಪ. ಒಂದು ಅಗಲ, ಗೋಡೆ ತೆಳು. ಸುತ್ತ ಬಿಳಿ ಲೋಳೆ ತುಂಬಿರುತ್ತದೆ, ತಾಟಿನಿಂಗಿನ ತಿರುಳಿನ ಹಾಗೆ. ಅಗಲದ ನಾಳ ಮಾಸಿನಿಂದ ಮಗುವಿಗೆ ಆಮ್ಲಜನಕ ತುಂಬಿದ ರಕ್ತ ತರುತ್ತದೆ. ಸಣ್ಣವೆರಡು ಅಪಧಮನಿಗಳು, ಅವು ಬಳಸಿದ ರಕ್ತವನ್ನು ವಾಪಸ್ ಒಯ್ಯುತ್ತವೆ. ಶಾಲೆಯಲ್ಲಿ ನಾವು ಅಪಧಮನಿ ಒಳ್ಳೆಯ ರಕ್ತ ಒಯ್ಯುತ್ತದೆ ಅಂತ ಓದಿದ್ದೇವಲ್ಲ, ಇಲ್ಲಿ ಅದು ಉಲ್ಟಾ. ಆ ಲೋಳೆಯ ಬಗ್ಗೆ ಇಂಗ್ಲೆಂಡಿನ ವೈದ್ಯ ಥಾಮಸ್ ವಾರ್ಟನ್ 1656ರಲ್ಲೇ ಬರೆದಿದ್ದ. ಇವತ್ತಿಗೂ ಅದನ್ನು 'ವಾರ್ಟನ್ ಜೆಲ್ಲಿ' ಅಂತಲೇ ಕರೆಯುತ್ತೇವೆ. ಬಳ್ಳಿ ಮಡಚಿದರೂ ತಿರುಚಿದರೂ ಒಳಗಿನ ನಾಳ ಒತ್ತದ ಹಾಗೆ ಈ ಲೋಳೆ ಕಾಯುತ್ತದೆ. ದಿನ ತುಂಬಿದ ಮಗುವಿನ ಬಳ್ಳಿ ಸಾಮಾನ್ಯವಾಗಿ 50ರಿಂದ 60 ಸೆಂಟಿಮೀಟರ್ ಉದ್ದ, ಅಂದ್ರೆ ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ. ಮಾಸು ಅಂದರೆ ಗೊತ್ತಾಗದವರಿಗೆ ಹೀಗೆ ಹೇಳುತ್ತೇನೆ: ಎಮ್ಮೆ ಈದ ಮೇಲೆ ಕಸ ಬಿತ್ತಾ ಅಂತ ಕೇಳುತ್ತೇವಲ್ಲ, ಆ ಕಸ.

ಈಗ ಕೊರಳಿನ ವಿಷಯ. ಹೊಟ್ಟೆಯೊಳಗಿನ ಮಗು ಗಂಟಲಿನಿಂದ ಉಸಿರಾಡುವುದಿಲ್ಲ. ಅದರ ಉಸಿರು ಬರುವುದೇ ಬಳ್ಳಿಯಿಂದ. ಹಾಗಾಗಿ ಬಳ್ಳಿ ಕೊರಳಿಗೆ ಸುತ್ತಿದರೆ ನೇಣು ಬಿಗಿದ ಹಾಗೆ ಉಸಿರುಗಟ್ಟುತ್ತದೆ ಅನ್ನುವುದು ತಪ್ಪು. ನೋಡಬೇಕಾದದ್ದು ಬಳ್ಳಿಯೇ ಒತ್ತಿಹೋಗಿ ರಕ್ತ ನಿಂತಿದೆಯಾ ಅನ್ನುವುದನ್ನು. ಲೋಳೆ ಇರುವುದರಿಂದ ಹಾಗಾಗುವುದು ಕಡಿಮೆ. ಹುಟ್ಟುವ ಸುಮಾರು ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಕೊರಳಲ್ಲಿ ಬಳ್ಳಿಯ ಸುತ್ತು ಇರುತ್ತದೆ. ನಮ್ಮ ಓಣಿಯಲ್ಲಿ ಆಡುತ್ತಿರುವ ಮಕ್ಕಳಲ್ಲಿ ಎಷ್ಟೋ ಮಂದಿ ಹಾಗೆ ಸುತ್ತಿಕೊಂಡೇ ಹುಟ್ಟಿದವರು. ಹೆರಿಗೆ ಮಾಡಿಸುವ ಸಿಸ್ಟರ್ ತಲೆ ಹೊರಬಂದ ಕೂಡಲೇ ಬೆರಳು ಹಾಕಿ ನೋಡುತ್ತಾರೆ. ಸುತ್ತು ಸಡಿಲವಿದ್ದರೆ ಸರದ ಹಾಗೆ ತಲೆಯ ಮೇಲಿಂದ ತೆಗೆದುಬಿಡುತ್ತಾರೆ.

ಸ್ಕ್ಯಾನಿನಲ್ಲಿ ಈ ಸುತ್ತು ಕಾಣುತ್ತದೆ, ನಿಜ. ಕತ್ತಿನ ಚರ್ಮದ ಮೇಲೆ ಸಣ್ಣ ತಗ್ಗು ಬಿದ್ದಿರುತ್ತದೆ. ರಕ್ತದ ಓಟವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಹಾಕಿದರೆ ಆ ತಗ್ಗಿನಲ್ಲಿ ರಕ್ತ ಹರಿಯುವುದು ತೋರುತ್ತದೆ. ಆದರೆ ಇವತ್ತು ಕಂಡ ಸುತ್ತು ಮುಂದಿನ ವಾರ ಬಿಚ್ಚಿಕೊಂಡಿರಬಹುದು. ಇವತ್ತು ಇಲ್ಲದ್ದು ಹೆರಿಗೆಯ ದಿನ ಇರಬಹುದು. ಮಗು ಈಜುತ್ತಾ, ಹೊರಳುತ್ತಾ ಇರುತ್ತದೆ. ಸುತ್ತು ಬೀಳುವುದು ಆ ಹೊರಳಾಟದಿಂದ. ದನದ ಕಣ್ಣಿಗೂ ಅದಕ್ಕೂ ಸಂಬಂಧವಿಲ್ಲ. ಆ ದಿನ ಆ ಅತ್ತೆಯನ್ನು ಒಳಗೆ ಕರೆದು ಕೂರಿಸಿದೆ. ಮಗು ಕೈ ಎತ್ತಿ ಮುಖ ಉಜ್ಜಿಕೊಳ್ಳುವುದನ್ನು ತೋರಿಸಿದೆ. ಎದೆಬಡಿತ ಕೇಳಿಸಿದೆ. "ಅಮ್ಮಾ, ನಿಮ್ಮ ಸೊಸೆಯದು ಏನೂ ತಪ್ಪಿಲ್ಲ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸೊಸೆಯ ಹೊಟ್ಟೆಯ ಮೇಲಿನ ಜೆಲ್ಲನ್ನು ತಮ್ಮ ಸೆರಗಿನಿಂದಲೇ ಒರೆಸಿದರು. ಬರೀ ಕೊರಳ ಸುತ್ತು ಕಂಡಿತು ಅನ್ನುವ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಹೆರಿಗೆ ನೋವಿನ ಹೊತ್ತಿನಲ್ಲಿ ಮಗುವಿನ ಎದೆಬಡಿತವನ್ನು ಎಚ್ಚರದಿಂದ ನೋಡಿದರೆ ಸಾಕು.

ಸ್ಕ್ಯಾನ್ ಯಂತ್ರ ಕೆಲಸ ಮಾಡುವ ರೀತಿ ಕಷ್ಟದ್ದೇನಲ್ಲ. ತೋರಣಗಲ್ಲಿನ ಉಕ್ಕಿನ ಕೆಲಸಕ್ಕೆ ಹೋಗುವ ಒಬ್ಬರು ಹೆಂಡತಿಯ ಜೊತೆ ಬಂದಿದ್ದರು. ಹೊಟ್ಟೆಯ ಮೇಲೆ ಆಡಿಸುವ ಪ್ರೋಬ್ ನೋಡಿ, "ಮೇಡಂ, ಕಬ್ಬಿಣದಾಗ ಬಿರುಕು ನೋಡಾಕ ನಾವೂ ಇಂಥದ್ದೇ ಹಿಡಿತೀವ್ರೀ" ಅಂದರು. ಅವರ ಮಾತು ಪೂರ್ತಿ ಸರಿ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ ಎಂಬ ಹೆರಿಗೆ ವೈದ್ಯ ಲೋಹದಲ್ಲಿ ಬಿರುಕು ಹುಡುಕುವ ಯಂತ್ರದಿಂದಲೇ ಶುರು ಮಾಡಿದ್ದು. 1958ರಲ್ಲಿ ಅವನೂ ಅವನ ಜೊತೆಗಾರರೂ ಪ್ರಕಟಿಸಿದ ಲೇಖನದಿಂದ ಹೊಟ್ಟೆಯ ಸ್ಕ್ಯಾನಿಂಗ್ ಜಗತ್ತಿಗೆ ಗೊತ್ತಾಯಿತು. ಕಿವಿಗೆ ಕೇಳದಷ್ಟು ಚುರುಕಾದ ಶಬ್ದ ಒಳಗೆ ಹೋಗುತ್ತದೆ, ತಾಗಿ ವಾಪಸ್ ಬರುತ್ತದೆ, ಆ ಮಾರ್ದನಿಯಿಂದ ಚಿತ್ರ ಮೂಡುತ್ತದೆ. ಇದು ಎಕ್ಸ್‌ರೇ ಅಲ್ಲ.

ಓಡುತ್ತಿರುವ ರಕ್ತಕ್ಕೆ ತಾಗಿದ ಶಬ್ದ ಸ್ವಲ್ಪ ಬದಲಾಗಿ ಬರುತ್ತದೆ. ಲಾರಿ ಹಾರ್ನ್ ಹೊಡೆಯುತ್ತಾ ನಮ್ಮ ಕಡೆ ಬರುವಾಗ ಒಂದು ಸ್ವರ, ದಾಟಿ ಹೋಗುವಾಗ ಇನ್ನೊಂದು, ಅಲ್ವಾ? ಅದೇ ತತ್ವ. ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಅದನ್ನು ವಿವರಿಸಿದ. ತೆರೆಯ ಮೇಲೆ ಸಾಮಾನ್ಯವಾಗಿ ಪ್ರೋಬಿನ ಕಡೆ ಬರುವ ರಕ್ತ ಕೆಂಪು, ದೂರ ಹೋಗುವುದು ನೀಲಿ. ಕೆಂಪು ಅಂದ್ರೆ ಒಳ್ಳೆಯ ರಕ್ತ, ನೀಲಿ ಅಂದ್ರೆ ಕೆಟ್ಟದ್ದು ಅಂತ ತಿಳಿಯಬೇಡಿ. ಪ್ರೋಬ್ ತಿರುಗಿಸಿದರೆ ಬಣ್ಣವೂ ತಿರುಗುತ್ತದೆ.

ಐದನೇ ತಿಂಗಳ ಸ್ಕ್ಯಾನಿನಲ್ಲಿ, ಅಂದ್ರೆ 18ರಿಂದ 22 ವಾರದ ಒಳಗೆ, ಬಳ್ಳಿಯ ನಾಳ ಎಣಿಸುತ್ತೇವೆ. ಇದಕ್ಕೆ ಸುಲಭದ ಜಾಗ ಮಗುವಿನ ಮೂತ್ರಚೀಲ. ತೆರೆಯ ಮೇಲೆ ಅದು ಕಪ್ಪು ಹನಿಯ ಹಾಗೆ ಕಾಣುತ್ತದೆ. ಬಣ್ಣ ಹಾಕಿದರೆ ಅದರ ಎರಡೂ ಪಕ್ಕದಲ್ಲಿ ಒಂದೊಂದು ಗೆರೆ ಹೊಳೆದು, ಮುಂದೆ ಹೊಕ್ಕುಳಲ್ಲಿ ಕೂಡುತ್ತದೆ. ಅವೇ ಆ ಎರಡು ಸಣ್ಣ ನಾಳಗಳು. ನಾನು ಪ್ರೋಬನ್ನು ಅಲ್ಲಿ ನಿಲ್ಲಿಸಿ ಕಣ್ಣು ಸಣ್ಣ ಮಾಡಿ ನೋಡುವಾಗ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಗಂಡೋ ಹೆಣ್ಣೋ ನೋಡುತ್ತಿದ್ದೇನೆ ಅಂತ ಅವರ ಲೆಕ್ಕ. ನಾನು ನೋಡುವುದು ಆ ಎರಡು ಗೆರೆಗಳನ್ನು. ಲಿಂಗ ಹೇಳುವುದು 1994ರ ಕಾಯ್ದೆಯ ಪ್ರಕಾರ ಅಪರಾಧ. ಆ ಬೋರ್ಡು ನನ್ನ ಗೋಡೆಯ ಮೇಲಿದೆ. ಕಾನೂನು ಇಲ್ಲದಿದ್ದರೂ ನಾನು ಹೇಳುತ್ತಿರಲಿಲ್ಲ.

ನೂರಿನ್ನೂರು ಮಕ್ಕಳಲ್ಲಿ ಒಂದಕ್ಕೆ ಎರಡರ ಬದಲು ಒಂದೇ ಸಣ್ಣ ನಾಳ ಇರುತ್ತದೆ. ರಿಪೋರ್ಟಿನಲ್ಲಿ 'ಸಿಂಗಲ್ ಅಂಬಿಲಿಕಲ್ ಆರ್ಟರಿ' ಅಥವಾ 'ಟೂ ವೆಸೆಲ್ ಕಾರ್ಡ್' ಅಂತ ಬರುತ್ತದೆ. ಇದನ್ನು ಓದಿ ಎದೆ ಒಡೆದುಕೊಳ್ಳಬೇಡಿ. ಅದೊಂದೇ ಇದ್ದು ಬೇರೆಲ್ಲ ಸರಿಯಿದ್ದರೆ ಹೆಚ್ಚಿನ ಮಕ್ಕಳು ಚೆನ್ನಾಗೇ ಹುಟ್ಟುತ್ತಾರೆ. ಆದರೆ ಅದು ಕಂಡಾಗ ಮೂತ್ರಪಿಂಡ ಮತ್ತು ಹೃದಯವನ್ನು ಇನ್ನೊಮ್ಮೆ ನಿಧಾನವಾಗಿ ನೋಡಲೇಬೇಕು. ಈ ಎರಡು ಅಂಗಗಳ ತೊಂದರೆ ಕೆಲವೊಮ್ಮೆ ಅದರ ಜೊತೆಗಿರುತ್ತದೆ. ಮುಂದಿನ ತಿಂಗಳುಗಳಲ್ಲಿ ತೂಕ ಸರಿಯಾಗಿ ಏರುತ್ತಿದೆಯಾ ಅಂತ ಇನ್ನೊಂದು ಸ್ಕ್ಯಾನ್ ಬೇಕು. ಅಷ್ಟೇ.

ಬಳ್ಳಿ ಮಗುವಿನ ಹೊಟ್ಟೆಗೆ ಸೇರುವ ಜಾಗವನ್ನೂ ಆಗಲೇ ನೋಡುತ್ತೇವೆ. ಅಲ್ಲಿ ಗೋಡೆ ಪೂರ್ತಿ ಮುಚ್ಚದೆ ಕರುಳು ಹೊರಗೆ ಬಂದಿರಬಹುದು. ಪೊರೆಯೊಳಗೆ ಇದ್ದು ಬಳ್ಳಿ ಅದರ ಮೇಲಿಂದ ಹೊರಟಿದ್ದರೆ ಒಂದು ಬಗೆ. ಬಳ್ಳಿಯ ಬಲಪಕ್ಕದಲ್ಲಿ ಸಣ್ಣ ಸೀಳಿನಿಂದ ಕರುಳು ಪೊರೆ ಇಲ್ಲದೆ ನೀರಿನಲ್ಲಿ ತೇಲುತ್ತಿದ್ದರೆ ಇನ್ನೊಂದು ಬಗೆ. ಈ ಎರಡನೆಯದು ತೀರಾ ಚಿಕ್ಕ ವಯಸ್ಸಿನ ತಾಯಂದಿರಲ್ಲಿ ಜಾಸ್ತಿ. ಇಂಥ ಮಗು ಮಕ್ಕಳ ಸರ್ಜನ್ ಇರುವ ಆಸ್ಪತ್ರೆಯಲ್ಲೇ ಹುಟ್ಟಬೇಕು. ಮೊದಲೇ ಗೊತ್ತಾದರೆ ಆ ಏರ್ಪಾಡು ಮಾಡಬಹುದು. ಒಂದು ಎಚ್ಚರ: 12 ವಾರಕ್ಕಿಂತ ಮೊದಲು ಕರುಳು ಬಳ್ಳಿಯ ಬುಡದಲ್ಲಿ ಹೊರಗಿರುವುದು ಸಹಜ. ಅದು ತಾನೇ ಒಳಗೆ ಹೋಗುತ್ತದೆ.

ಇನ್ನು ಬಳ್ಳಿಯ ಆ ತುದಿ, ಮಾಸಿಗೆ ಅಂಟುವ ಬುಡ. ಸಾಮಾನ್ಯವಾಗಿ ಬಳ್ಳಿ ಮಾಸಿನ ನಡುಭಾಗಕ್ಕೆ ಅಂಟಿರುತ್ತದೆ, ಕೊಡೆಯ ಕೋಲಿನ ಹಾಗೆ. ಕೆಲವರಲ್ಲಿ ಅಂಚಿಗೆ ಅಂಟಿರುತ್ತದೆ. ನೂರರಲ್ಲಿ ಸುಮಾರು ಒಬ್ಬರಲ್ಲಿ ಮಾಸಿಗೆ ಅಂಟುವುದೇ ಇಲ್ಲ. ಪಕ್ಕದ ನೀರಚೀಲದ ಪೊರೆಗೆ ಅಂಟಿ, ಅಲ್ಲಿಂದ ನಾಳಗಳು ಬಿಡಿಬಿಡಿಯಾಗಿ ಪೊರೆಯ ಮೇಲೆ ಹರಿದು ಮಾಸನ್ನು ಸೇರುತ್ತವೆ. ಇದಕ್ಕೆ 'ವೆಲಾಮೆಂಟಸ್ ಇನ್ಸರ್ಶನ್' ಅಂತಾರೆ. ಅವಳಿಗಳಲ್ಲಿ ಇದು ಇನ್ನೂ ಜಾಸ್ತಿ. ಪೊರೆಯ ಮೇಲಿನ ಆ ನಾಳಗಳಿಗೆ ಲೋಳೆಯ ಕಾವಲಿಲ್ಲ. ಇಲ್ಲಿ ಮಗು ಕೆಲವೊಮ್ಮೆ ಸಣ್ಣದಾಗಿ ಬೆಳೆಯುತ್ತದೆ, ಅದನ್ನು ಗಮನಿಸಬೇಕು. ಆದರೆ ನನಗೆ ನಿದ್ದೆ ಕೆಡಿಸುವುದು ಬೇರೆ. ಆ ಬರಿಯ ನಾಳ ಹೋಗಿ ಗರ್ಭಕೋಶದ ಬಾಯಿಯ ಮೇಲೆ ಅಡ್ಡ ಬಿದ್ದಿದ್ದರೆ?

ಅದರ ಹೆಸರು 'ವಾಸಾ ಪ್ರೀವಿಯಾ'. ಒಂದೆರಡು ಸಾವಿರ ಹೆರಿಗೆಗೆ ಒಂದು ಇರಬಹುದು. ತಾಯಿಗೆ ನೋವಿಲ್ಲ, ಮಗು ಚೆನ್ನಾಗಿ ಬೆಳೆಯುತ್ತಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ನೀರಚೀಲ ಒಡೆದಾಗ ಅದರ ಜೊತೆ ನಾಳವೂ ಕಿತ್ತುಹೋಗಬಹುದು. ಹೋಗುವ ರಕ್ತ ತಾಯಿಯದಲ್ಲ, ಮಗುವಿನದು. ಮೂರು ಕೆಜಿಯ ಮಗುವಿನ ಮೈಯಲ್ಲಿ ಇರುವ ರಕ್ತವೇ ಸುಮಾರು ಕಾಲು ಲೀಟರ್. ಹಾಲಿನ ಅರ್ಧ ಲೀಟರ್ ಪಾಕೆಟಿನಲ್ಲಿ ಅರ್ಧ. ಎಷ್ಟು ಹೊತ್ತು ಸಿಗುತ್ತದೆ ಅಂತ ನೀವೇ ಯೋಚಿಸಿ.

2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ 155 ಗರ್ಭಿಣಿಯರ ಲೆಕ್ಕವಿತ್ತು. ಮೊದಲೇ ಸ್ಕ್ಯಾನಿನಲ್ಲಿ ಗೊತ್ತಾಗಿದ್ದವರಲ್ಲಿ ನೂರಕ್ಕೆ 97 ಮಕ್ಕಳು ಉಳಿದವು. ಗೊತ್ತಾಗದಿದ್ದವರಲ್ಲಿ ಉಳಿದದ್ದು ನೂರಕ್ಕೆ 44. ಹೆರಿಗೆಗೆ ಮುಂಚಿನ ಒಂದು ಸ್ಕ್ಯಾನ್ ಇಷ್ಟು ದೊಡ್ಡ ವ್ಯತ್ಯಾಸ ಮಾಡುವ ಬೇರೆ ತೊಂದರೆ ನನ್ನ ಕೆಲಸದಲ್ಲಿ ನಾನು ಹೆಚ್ಚು ಕಂಡಿಲ್ಲ.

ಕಾರಟಗಿ ಕಡೆಯ ಒಬ್ಬ ಹೆಣ್ಣುಮಗಳು ನೆನಪಾಗುತ್ತಾಳೆ. ಐದನೇ ತಿಂಗಳಲ್ಲಿ ಅವಳ ಮಾಸು ಕೆಳಗಿತ್ತು, ಅಂದ್ರೆ ಗರ್ಭಕೋಶದ ಬಾಯಿಯ ಹತ್ತಿರ. 32ನೇ ವಾರಕ್ಕೆ ಮತ್ತೆ ಕರೆಸಿದ್ದೆ. ಆಗ ಮಾಸು ಮೇಲೆ ಹೋಗಿತ್ತು. ಗಂಡ ಹೊರಗೆ ಬೈಕಿನ ಚಾವಿ ಹಿಡಿದು ನಿಂತಿದ್ದ. ನಾನೂ 'ಎಲ್ಲ ಸರಿಯಾಯ್ತು' ಅಂತ ಹೇಳಿ ಕಳಿಸುವುದರಲ್ಲಿದ್ದೆ. ಆದರೂ ಗರ್ಭಕೋಶದ ಬಾಯಿಯ ಮೇಲೆ ಒಮ್ಮೆ ಬಣ್ಣ ಹಾಕಿದೆ. ದಾರದಷ್ಟು ತೆಳ್ಳಗಿನ ಕೆಂಪು ಗೆರೆ ಅಡ್ಡ ಬಂತು.

ಹೊಟ್ಟೆಯ ಮೇಲಿಂದ ನೋಡಿದ್ದು ಸಾಲದು. ಅವಳಿಗೆ ವಿಷಯ ತಿಳಿಸಿ, ಒಪ್ಪಿಗೆ ಪಡೆದು, ಕೆಳಗಿನಿಂದ ನೋಡುವ ಪ್ರೋಬ್ ಬಳಸಿದೆ. ಗೆರೆ ಇನ್ನೂ ಸ್ಪಷ್ಟವಾಯಿತು. ಅದು ಬಳ್ಳಿಯ ಸಡಿಲ ಸುತ್ತು ಬಂದು ಕೂತದ್ದೂ ಇರಬಹುದು. ಅದಕ್ಕೆ ಮಗ್ಗುಲು ಬದಲಿಸಲು ಹೇಳಿ ಸ್ವಲ್ಪ ಕಾದೆ. ಸಡಿಲ ಬಳ್ಳಿಯಾದರೆ ಸರಿಯುತ್ತದೆ. ಇದು ಸರಿಯಲಿಲ್ಲ. ಆ ಗೆರೆಯ ಮೇಲೆ ಗುರುತಿಟ್ಟು ಬಡಿತ ಅಳೆದೆ. ನಿಮಿಷಕ್ಕೆ 148. ಅವಳ ಮಣಿಕಟ್ಟು ಹಿಡಿದು ನೋಡಿದರೆ 88. ಎರಡು ಬೇರೆ ಬೇರೆ ಹೃದಯ. ಅಲ್ಲಿಗೆ ಆ ನಾಳ ಮಗುವಿನದೇ ಅಂತ ಖಾತ್ರಿಯಾಯಿತು.

ಮಾಸು ಮೇಲೆ ಹೋಯಿತು ಅಂತ ನಾವು ಹೇಳುತ್ತೇವೆ. ಅದು ನಡೆದು ಹೋಗುವುದಿಲ್ಲ. ಗರ್ಭಕೋಶ ಬೆಳೆಯುತ್ತದೆ, ರಕ್ತ ಕಡಿಮೆ ಸಿಗುವ ಕೆಳಗಿನ ಭಾಗದಲ್ಲಿ ಮಾಸು ಸೊರಗುತ್ತದೆ. ಹಾಗೆ ಸೊರಗಿದ ಜಾಗದ ನಾಳ ಮಾತ್ರ ಕೆಲವೊಮ್ಮೆ ಪೊರೆಯ ಮೇಲೆ ಉಳಿದುಬಿಡುತ್ತದೆ. ಚಪ್ಪರ ತೆಗೆದ ಮೇಲೂ ಹಂಬು ಜೋತುಬಿದ್ದಿರುತ್ತದಲ್ಲ, ಹಾಗೆ. ಅದಕ್ಕೇ ಐದನೇ ತಿಂಗಳಲ್ಲಿ ಮಾಸು ಕೆಳಗಿದ್ದವರು ಆಮೇಲೆ ಮೇಲೆ ಹೋಯಿತು ಅಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರಬಾರದು. ಮಾಸು ಎರಡು ಹೋಳಾಗಿದ್ದವರು, ಅವಳಿ ಇರುವವರು, ಐವಿಎಫ್‌ನಿಂದ ಬಸುರಾದವರು ಕೂಡ ಹೀಗೆ ಬಣ್ಣ ಹಾಕಿ ನೋಡಿಸಿಕೊಳ್ಳಬೇಕು.

ಅವಳ ಊರಿನಿಂದ ಆಪರೇಷನ್ ಟೇಬಲ್ಲಿಗೆ ಒಂದು ಗಂಟೆಗೂ ಜಾಸ್ತಿ ದಾರಿ. ಮನೆಯಲ್ಲಿ ನೀರು ಹೋದರೆ ಮಗು ಉಳಿಯುವುದು ಕಷ್ಟ. ಹೆರಿಗೆ ಡಾಕ್ಟರ್ ಅವಳನ್ನು ಮೊದಲೇ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಮಗುವಿನ ಶ್ವಾಸಕೋಶ ಬಲಿಯಲು ಇಂಜೆಕ್ಷನ್ ಕೊಟ್ಟರು. ನೋವು ಬರುವ ಮೊದಲೇ, 35ನೇ ವಾರದಲ್ಲಿ, ಸಿಸೇರಿಯನ್ ಆಯಿತು. ಮಗು ಎರಡು ಕೆಜಿ ಮೇಲೆ ಸ್ವಲ್ಪ ಇತ್ತು. ಅತ್ತಿತು. ಗಂಡ ಫೋನ್ ಮಾಡಿ ಮಗುವಿನ ಅಳುವನ್ನೇ ಕೇಳಿಸಿದ. ಮಾತಾಡಲಿಲ್ಲ.

ಬಳ್ಳಿಯ ರಚನೆ ಸರಿಯಿದ್ದರೂ ಅದರಲ್ಲಿ ರಕ್ತ ಸರಿಯಾಗಿ ಹರಿಯುತ್ತಿದೆಯಾ ಅನ್ನುವುದು ಇನ್ನೊಂದು ಪ್ರಶ್ನೆ. ನಮ್ಮ ಭಾಗದವರಿಗೆ ಇದನ್ನು ವಿವರಿಸುವುದು ಸುಲಭ. ತುಂಗಭದ್ರಾ ಎಡದಂಡೆ ಕಾಲುವೆ ನೋಡಿದವರಿಗೆಲ್ಲ ಗೊತ್ತು. ಮೇಲೆ ನೀರು ಬಿಟ್ಟರೂ ಹೂಳು ತುಂಬಿದ್ದರೆ ಕೊನೆ ಭಾಗದ ಹೊಲಕ್ಕೆ ಮುಟ್ಟುವುದಿಲ್ಲ. ಮಗುವಿನ ಹೃದಯ ಒಂದೊಂದು ಬಡಿತಕ್ಕೂ ರಕ್ತವನ್ನು ಮಾಸಿನ ಕಡೆ ತಳ್ಳುತ್ತದೆ. ಮಾಸು ಆರೋಗ್ಯವಾಗಿದ್ದರೆ, ಎರಡು ಬಡಿತಗಳ ನಡುವೆಯೂ ರಕ್ತ ಮುಂದೆ ಸಾಗುತ್ತಲೇ ಇರುತ್ತದೆ. ಮಾಸಿನೊಳಗಿನ ಸಣ್ಣ ನಾಳಗಳು ಕಟ್ಟಿದ್ದರೆ ತಳ್ಳಿದಾಗ ಮಾತ್ರ ಹೋಗುತ್ತದೆ, ನಡುವೆ ನಿಲ್ಲುತ್ತದೆ. ತೀರಾ ಕೆಟ್ಟರೆ ಹಿಂದಕ್ಕೇ ಬರುತ್ತದೆ.

ತೆರೆಯ ಮೇಲೆ ಇದು ಗುಡ್ಡದ ಸಾಲಿನಂತೆ ಕಾಣುತ್ತದೆ. ಆನೆಗೊಂದಿಯ ಗುಡ್ಡಗಳನ್ನು ದೂರದಿಂದ ನೋಡಿದ ಹಾಗೆ. ಗುಡ್ಡಗಳ ನಡುವಿನ ತಗ್ಗು ಕೆಳಗಿನ ಗೆರೆ ಮುಟ್ಟದಿದ್ದರೆ ಸರಿ. ಮುಟ್ಟಿದರೆ ರಕ್ತ ನಿಂತಿದೆ. ಗೆರೆಯ ಕೆಳಗೆ ಇಳಿದರೆ ಹಿಂದೆ ಬರುತ್ತಿದೆ. ಡಾಪ್ಲರಿನಿಂದ ಬಳ್ಳಿಯ ರಕ್ತದ ಓಟ ನೋಡುವುದು 1977ರಲ್ಲಿ ಡಬ್ಲಿನ್ನಿನ ವೈದ್ಯರಿಂದ ಶುರುವಾಯಿತು. ಬಿಪಿ ಇರುವ, ಮಗು ಸಣ್ಣದಾಗಿ ಬೆಳೆಯುತ್ತಿರುವ ಗರ್ಭಿಣಿಯರಲ್ಲಿ ಈ ಪರೀಕ್ಷೆ ಮಕ್ಕಳ ಸಾವನ್ನು ಕಡಿಮೆ ಮಾಡುತ್ತದೆ. ಆದರೆ ಏನೂ ತೊಂದರೆ ಇಲ್ಲದ ಗರ್ಭಿಣಿಗೆ ಪದೇ ಪದೇ ಡಾಪ್ಲರ್ ಮಾಡಿಸಿದರೆ ಅಂಥ ಲಾಭ ಕಂಡಿಲ್ಲ. ಸುಮ್ನೆ ದುಡ್ಡು ಖರ್ಚು ಮಾಡಬೇಡಿ.

ಸ್ಕ್ಯಾನಿಗೆ ಕಾಣದ್ದೂ ಇದೆ. ಬಳ್ಳಿಯ ಉದ್ದ ಅಳೆಯಲು ಆಗುವುದಿಲ್ಲ, ಅದು ಸುರುಳಿ ಸುತ್ತಿಕೊಂಡಿರುತ್ತದೆ. ನೂರರಲ್ಲಿ ಸುಮಾರು ಒಂದು ಮಗುವಿನ ಬಳ್ಳಿಯಲ್ಲಿ ನಿಜವಾದ ಗಂಟು ಬಿದ್ದಿರುತ್ತದೆ, ಆದರೆ ಹೆಚ್ಚಿನವು ಹುಟ್ಟಿದ ಮೇಲೇ ಗೊತ್ತಾಗುವುದು. ಹುಟ್ಟುವ ಮಗು ಆರೋಗ್ಯವಾಗೇ ಇರುತ್ತದೆ, ಗಂಟು ನೋಡಿ ನಾವು ಬೆರಗಾಗುತ್ತೇವೆ. ಕೆಲವೊಮ್ಮೆ ಮಾತ್ರ ಅದು ಬಿಗಿಯುತ್ತದೆ. ಅದಕ್ಕೇ ಕೊನೆಯ ತಿಂಗಳುಗಳಲ್ಲಿ ಮಗುವಿನ ಮಿಸುಕಾಟ ಕಡಿಮೆ ಅನ್ನಿಸಿದರೆ 'ಹೋದ ವಾರ ಸ್ಕ್ಯಾನ್ ಚೆನ್ನಾಗಿತ್ತಲ್ಲ' ಅಂತ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ನೀರು ಹೋದ ಮೇಲೆ ಬಳ್ಳಿಯೇ ಹೊರಗೆ ಇಳಿದು ಬಂದರೆ ಅದನ್ನು ಒಳಗೆ ತಳ್ಳಬೇಡಿ, ಎಳೆಯಬೇಡಿ. ಮಂಡಿಯೂರಿ, ಎದೆ ನೆಲಕ್ಕೆ ತಾಗಿಸಿ, ಸೊಂಟ ಮೇಲೆ ಮಾಡಿಕೊಂಡು 108ಕ್ಕೆ ಫೋನ್ ಮಾಡಿಸಿ. ಮಗುವಿನ ಭಾರ ಬಳ್ಳಿಯ ಮೇಲೆ ಬೀಳಬಾರದು, ಅದಕ್ಕೆ.

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ಡಾಕ್ಟರ್ ಪುಕ್ಕಟೆ ನೋಡುತ್ತಾರೆ. 2016ರಿಂದ ಇದು ನಡೆದಿದೆ. ಆಶಾ ಅಕ್ಕನನ್ನು ಕೇಳಿದರೆ ನಿಮ್ಮ ಹತ್ತಿರದ ಜಾಗ ಹೇಳುತ್ತಾರೆ. ಐದನೇ ತಿಂಗಳ ಸ್ಕ್ಯಾನಿಗೆ ಹೋದಾಗ ಸಂಕೋಚ ಬಿಟ್ಟು ಕೇಳಿ: "ಬಳ್ಳಿಯಲ್ಲಿ ಮೂರು ನಾಳ ಇವೆಯಾ? ಬಳ್ಳಿ ಮಾಸಿಗೆ ಎಲ್ಲಿ ಅಂಟಿದೆ? ಮಾಸು ಕೆಳಗಿದೆಯಾ?" ಈ ಪ್ರಶ್ನೆಗೆ ಯಾವ ಡಾಕ್ಟರೂ ಸಿಟ್ಟಾಗಬಾರದು. ಮಗು ಒಂದೇ ಕಡೆ ಮಲಗಿ ಬುಡ ಕಾಣದೇ ಹೋದರೆ ಇನ್ನೊಂದು ದಿನ ಕರೆಯುತ್ತೇವೆ. ಆ ಎರಡನೇ ಸಲ ತಪ್ಪಿಸಬೇಡಿ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ನಮ್ಮ ಕಡೆ ಕುಬಸ ಮಾಡಿ ಹೆಣ್ಣುಮಗಳನ್ನು ತವರಿಗೆ ಕಳಿಸುತ್ತೇವೆ. ಸಿಂಧನೂರಿನಲ್ಲಿ ತೋರಿಸಿಕೊಳ್ಳುತ್ತಿದ್ದವಳು ಹೆರಿಗೆಗೆ ಕುಷ್ಟಗಿಗೆ ಹೋಗುತ್ತಾಳೆ. ಸ್ಕ್ಯಾನಿಂಗ್ ಫೈಲು ಗಂಡನ ಮನೆಯ ಅಲಮಾರಿಯಲ್ಲೇ ಉಳಿಯುತ್ತದೆ. ಮಾಸು ಕೆಳಗಿತ್ತು, ಬಳ್ಳಿ ಅಂಚಿಗೆ ಅಂಟಿತ್ತು ಅನ್ನುವುದು ಹೆರಿಗೆ ಮಾಡಿಸುವ ಡಾಕ್ಟರಿಗೆ ತಿಳಿಯುವುದೇ ಇಲ್ಲ. ಕುಬಸದ ದಿನ ಹೊಸ ಸೀರೆ, ಹಸಿರು ಬಳೆ, ಐದು ಬಗೆಯ ತಿಂಡಿ ಕಟ್ಟುವಾಗ ತಾಯಿ ಕಾರ್ಡನ್ನೂ ಹಳೆಯ ಸ್ಕ್ಯಾನ್ ರಿಪೋರ್ಟುಗಳನ್ನೂ ಅದೇ ಚೀಲಕ್ಕೆ ಹಾಕಿ. ಬಸ್ ಹತ್ತುವ ಮೊದಲು ಒಮ್ಮೆ ಮುಟ್ಟಿ ನೋಡಿಕೊಳ್ಳಿ.